ಕಾಯಿಲೆಯ ಮಾತುಗಳು: ‘ಸಿಕ್’, ‘ದೀನಂ’, ‘ಹುಷಾರು’

ಕೊಚ್ಚಿಯಲ್ಲಿಯೋ ತಿರುವನಂತಪುರದಲ್ಲಿಯೋ ಹೊಸದಾಗಿ ನೆಲೆಸಿದ ಕನ್ನಡಿಗನು, ಅಲ್ಲಿನ ಹಿರಿಯರ ಬಾಯಲ್ಲಿ ‘ದೀನಂ’ ಎಂಬ ಮಾತನ್ನು ಕೇಳಿದೊಡನೆ ಬಡತನವನ್ನೋ ದೈನ್ಯವನ್ನೋ ನೆನೆಯುವುದು ಸಹಜ. ಮಲಯಾಳದಲ್ಲಾದರೋ ಅದು ಕಾಯಿಲೆಯ ಹೆಸರು. ‘ದೀನಕ್ಕಾರನ್’ ಎಂದರೆ ರೋಗಿ. ಒಂದೇ ಸಂಸ್ಕೃತ ಶಬ್ದವು ನೆರೆಯ ಎರಡು ನುಡಿಗಳಲ್ಲಿ ಎರಡು ದಾರಿ ಹಿಡಿದಿದೆ.

ಇಂಗ್ಲಿಷಿನ ‘ಸಿಕ್’ ಶಬ್ದದ ಚರಿತ್ರೆಯೂ ಇಂಥದೇ. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ ‘ಸೇಓಕ್’, ಅರ್ಥ, ರೋಗಪೀಡಿತ. ಡಚ್ಚರ ‘ಜೀಕ್’ ಇದರ ಸೋದರ ಶಬ್ದ. 1663ರಿಂದ 1795ರವರೆಗೆ ಕೊಚ್ಚಿಯ ಕೋಟೆ ಡಚ್ಚರ ಕೈಯಲ್ಲಿದ್ದುದರಿಂದ, ಆಂಗ್ಲರ ಆಡಳಿತಕ್ಕೂ ಮೊದಲೇ ಈ ಶಬ್ದಕುಲದ ಒಂದು ಕವಲು ಆ ತೀರವನ್ನು ಮುಟ್ಟಿತ್ತೆನ್ನಬೇಕು. ಇತ್ತ ಇಂಗ್ಲೆಂಡಿನಲ್ಲಿ, ಸ್ಕಾಂಡಿನೇವಿಯದವರ ನುಡಿಯಿಂದ ‘ಇಲ್’ ಎಂಬ ಶಬ್ದ ಸುಮಾರು 1200ರ ಹೊತ್ತಿಗೆ ಬಂದು ಸೇರಿತು. ಆಗ ಅದರ ಅರ್ಥ ‘ಕೆಟ್ಟ’ ಎಂದಷ್ಟೇ. ‘ಅಸ್ವಸ್ಥ’ ಎಂಬರ್ಥ 15ನೆಯ ಶತಮಾನದ್ದು. ‘ಇಲ್’ ಬಳಕೆಯಲ್ಲಿ ಹಬ್ಬಿದಂತೆ ಬ್ರಿಟನ್ನಿನಲ್ಲಿ ‘ಸಿಕ್’ ಬಹುಮಟ್ಟಿಗೆ ವಾಕರಿಕೆ, ವಾಂತಿಗಳಿಗೆ ಸರಿಯಿತು. ಅಮೆರಿಕದಲ್ಲಿ ಮಾತ್ರ ಹಳೆಯ ವಿಶಾಲಾರ್ಥವೇ ಉಳಿಯಿತು.

‘ಡಿಸೀಸ್’ ಶಬ್ದದ ಹುಟ್ಟು ಮತ್ತೂ ಸ್ವಾರಸ್ಯವಾದುದು. ಹಳೆಯ ಫ್ರೆಂಚಿನಿಂದ ಬಂದ ಈ ಮಾತಿನ ಮೂಲಾರ್ಥ ‘ನೆಮ್ಮದಿಯಿಲ್ಲದಿರುವುದು’. ಮಲಯಾಳದ ‘ಅಸುಖಂ’, ‘ಸುಖಮಿಲ್ಲ’ಗಳ ಕಟ್ಟಡವೂ ಹೀಗೆಯೇ, ಇಲ್ಲಿ ಒಂದು ನುಡಿ ಇನ್ನೊಂದರಿಂದ ಸಾಲ ಪಡೆದಿಲ್ಲ, ಅನುಭವವೇ ಸಮಾನವಾಗಿದೆ.

ಕನ್ನಡಿಗನು ಕಳೆದುಕೊಂಡೆನೆನ್ನುವುದು ಬೇರೊಂದನ್ನು. ಅವನ ಪ್ರಾಚೀನವಾದ ‘ಬೇನೆ’ ಸಂಸ್ಕೃತದ ‘ವೇದನೆ’ಯ ತದ್ಭವ. ಆದರೆ ನಿತ್ಯದ ಮಾತಿನಲ್ಲಿ ಅವನು ಹೇಳುವುದು ‘ಹುಷಾರಿಲ್ಲ’ ಎಂದು. ಪಾರಸಿಯ ‘ಹೋಷ್’ ಎಂದರೆ ಪ್ರಜ್ಞೆ, ಎಚ್ಚರ. ಮಲಯಾಳಿಗೆ ತಪ್ಪಿದ್ದು ಸುಖವಾದರೆ, ಕನ್ನಡಿಗನಿಗೆ ತಪ್ಪಿದ್ದು ಚುರುಕು.

ಈ ಭೇದ ಕೇವಲ ಕೋಶಕಾರರ ವಿನೋದವಲ್ಲ. ಪರಊರಿನಲ್ಲಿ ರೋಗಿಯಾದವನು ವೈದ್ಯನೆದುರು ಮೊದಲು ನಂಬಬೇಕಾದುದು ಮಾತನ್ನೇ. ‘ಸಿಕ್’ ಎಂದವನಿಗೆ ಜ್ವರವೋ ವಾಂತಿಯೋ ಎಂದು ಕೇಳಿ ತಿಳಿಯಬೇಕಾಗುತ್ತದೆ. ಪರಿಚಿತವಾಗಿ ತೋರುವ ಶಬ್ದವೇ ಅಪರಿಚಿತ ಶಬ್ದಕ್ಕಿಂತ ಹೆಚ್ಚು ದಾರಿ ತಪ್ಪಿಸಬಲ್ಲದು.

ಆದರೂ ‘ದೀನಂ’ ಎಂಬುದನ್ನು ಕೇಳಿ ದೈನ್ಯವನ್ನು ನೆನೆದ ಕನ್ನಡಿಗನು ಪೂರ್ತಿಯಾಗಿ ತಪ್ಪಿದವನಲ್ಲ. ಹಾಸಿಗೆ ಹಿಡಿದ ಮನುಷ್ಯನು ಉಳ್ಳವನಾಗಲಿ ಇಲ್ಲದವನಾಗಲಿ, ಪರರ ಕೈಯನ್ನೇ ನೋಡುವ ದೀನನು. ಕನ್ನಡ ಉಳಿಸಿಕೊಂಡ ಅರ್ಥವೇ ಮಲಯಾಳದ ಅರ್ಥಕ್ಕೆ ಕಾರಣವನ್ನು ಹೇಳುತ್ತದೆ.