ನೂರು ಬಿಲ್ಲಿನ ಬಯಲು

ಅಮರಕೋಶವನ್ನು ಕಂಠಪಾಠ ಮಾಡಿದ ವಾಚಕರಿಗೆ ‘ದವ’, ‘ದಾವ’ ಎಂಬ ಶಬ್ದಗಳು ನೆನಪಿರಬಹುದು. ಈ ಎರಡಕ್ಕೂ ಕಾಡು ಎಂಬ ಅರ್ಥವುಂಟು, ಕಾಡಿನ ಬೆಂಕಿ ಎಂಬ ಅರ್ಥವೂ ಉಂಟೆಂದು ಅಮರಸಿಂಹನು ಹೇಳಿರುವನು. ಉರಿಯುವ ಅಡವಿಗೂ ಉರಿಸುವ ಕಿಚ್ಚಿಗೂ ಒಂದೇ ಹೆಸರು. ಬೇಸಗೆಯ ಅಡವಿಯನ್ನು ಕಂಡವರಿಗೆ ಇದು ಅಸಂಗತವೆಂದು ತೋರಲಾರದು. ಬೆಂಕಿಯನ್ನು ಅಡವಿಯಿಂದ ಪೂರ್ಣವಾಗಿ ದೂರಮಾಡುವದು ಮನುಷ್ಯನಿಂದ ಆಗತಕ್ಕದ್ದಲ್ಲ. ಅದು ಅಡವಿಯನ್ನು ದಾಟಿ ಊರೊಳಗೆ ಬಾರದಂತೆ ನೋಡಿಕೊಳ್ಳುವದಷ್ಟೇ ಅವನ ಕೈಯಲ್ಲಿರುವದು. ಊರಿಗೂ ಒಣಹುಲ್ಲಿಗೂ ನಡುವೆ ನಮ್ಮ ಪೂರ್ವಿಕರು ಯಾವ ಏರ್ಪಾಡನ್ನು ಇಟ್ಟಿದ್ದರು, ಅದು ಹೇಗೆ ಸಡಿಲಾಯಿತು, ಅದನ್ನು ಮರಳಿ ಕಟ್ಟುವ ಬಗೆ ಯಾವದು ಎಂಬ ಮೂರು ಸಂಗತಿಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುವದಿದೆ.

“ಮಲೆನಾಡಿನವರಿಗೆ ಕಾಡ್ಗಿಚ್ಚಿನ ಭಯವಿರಲಿ, ಬಾಗಲಕೋಟೆಯ ಸೀಮೆಯಲ್ಲಿ ಕಾಡಾದರೂ ಎಲ್ಲಿದೆ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ಸಹಜವಾದದ್ದೇ. ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರಿನ ಒಳಗೇ ಇರುವದು. ಬಾದಾಮಿ ಗುಳೇದಗುಡ್ಡಗಳ ಕೆಂಗಲ್ಲ ಗುಡ್ಡಗಳಲ್ಲಾಗಲಿ, ಹುನಗುಂದ ಇಳಕಲ್ಲುಗಳ ಸುತ್ತಣ ಕಲ್ಲುನೆಲದಲ್ಲಾಗಲಿ ಹೆಮ್ಮರಗಳ ಕಾಡು ಇಲ್ಲ. ಕುರುಚಲು ಗಿಡಗಳೂ ಅವುಗಳ ನಡುವೆ ಹುಲ್ಲೂ ಇರುವವು. ಆದರೆ ಹುಲ್ಲಿನ ಸ್ವಭಾವವನ್ನು ನೋಡಿರಿ. ಶ್ರಾವಣದಲ್ಲಿ ಮೊಳಕಾಲುದ್ದ ಬೆಳೆದ ಹುಲ್ಲು ಮಾರ್ಗಶಿರಕ್ಕೆ ಹಳದಿಯಾಗಿ, ಮಾಘಕ್ಕೆ ಕಾಗದದಂತೆ ಒಣಗುವದು. ದಪ್ಪ ಮರಕ್ಕೆ ಬೆಂಕಿ ಹತ್ತಲು ಹೊತ್ತು ಬೇಕು. ಒಣಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು. ಗಾಳಿ ಎದ್ದರೆ ಅದು ಮನುಷ್ಯನ ಓಟಕ್ಕಿಂತ ಮುಂದಾಗಿ ಹೋಗುವದು. ಇಳಿಜಾರಿನಲ್ಲಿ ಮೇಲಕ್ಕೇರುವಾಗ ಜ್ವಾಲೆಯು ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವದರಿಂದ ಅದರ ವೇಗವು ಇನ್ನೂ ಹೆಚ್ಚುವದು.

ಆ ಬೆಂಕಿಗೆ ಮೊದಲು ತುತ್ತಾಗುವದು ಊರಂಚಿನ ಬಣವೆ. ಎರಡು ಎತ್ತುಗಳನ್ನಿಟ್ಟುಕೊಂಡ ಒಕ್ಕಲಿಗನಿಗೆ ಜೋಳದ ಕಣಿಕೆಯ ಬಣವೆಯೆಂದರೆ ಮುಂದಿನ ಮುಂಗಾರಿನವರೆಗಿನ ಜೀವನಾಧಾರ. ಅದು ಸುಟ್ಟರೆ ದನಗಳನ್ನು ಸಂತೆಗೆ ಹೊಡೆಯಬೇಕು; ಎತ್ತು ಹೋದರೆ ಬಿತ್ತಿಗೆ ನಿಂತಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಆಗಿನ ಕಲಾದಗಿಯೂ ಒಂದು. ಮೇವಿಲ್ಲದ ಒಕ್ಕಲುತನವು ಏನಾಗುವದೆಂಬದನ್ನು ಈ ನೆಲವು ಆಗ ಕಂಡಿರುವದು. ಇಳಕಲ್ಲು ಗುಳೇದಗುಡ್ಡಗಳ ನೇಕಾರರ ಮನೆಯಲ್ಲಿ ನೂಲು, ರೇಷ್ಮೆ, ಮರದ ಮಗ್ಗ ಇವೆಲ್ಲ ಒಂದೇ ಸೂರಿನ ಕೆಳಗಿರುವವು. ಅಲ್ಲಿ ಒಂದು ಕಿಡಿ ಬಿದ್ದರೆ ವಸತಿಯೂ ವೃತ್ತಿಯೂ ಏಕಕಾಲಕ್ಕೆ ಬೂದಿಯಾಗುವವು. ಆದ್ದರಿಂದ ಕಾಡು ಚಿಕ್ಕದೆಂದು ಕೇಡೂ ಚಿಕ್ಕದೆಂದು ಎಣಿಸಲಾಗದು.

ಇನ್ನು ಪೂರ್ವಿಕರ ಏರ್ಪಾಡನ್ನು ನೋಡುವಾ. ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರದಲ್ಲಿ ತಾಳೆಯೋಲೆಯ ರೂಪದಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರುದ್ರಪಟ್ಟಣ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಅದರ ಎರಡನೆಯ ಅಧಿಕರಣದಲ್ಲಿ ನಾಗರಿಕನೆಂಬ ಪುರಾಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಬೆಂಕಿಯ ವಿಷಯವು ವಿಸ್ತಾರವಾಗಿ ಬಂದಿರುವದು. ಗ್ರೀಷ್ಮದಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಬಾರದು. ಅಡಿಗೆ ಬೇಕಾದರೆ ಮನೆಯ ಹೊರಗೆ ಮಾಡಬೇಕು. ಪ್ರತಿಯೊಬ್ಬನೂ ನೀರಿನ ಕೊಡಗಳು, ತೊಟ್ಟಿ, ಏಣಿ, ಕೊಡಲಿ, ಮೊರ, ಅಂಕುಶ, ಹುಲ್ಲುಹೊದಿಕೆಯನ್ನು ಕಿತ್ತೆಳೆಯುವ ಕೊಕ್ಕೆ, ತೊಗಲಿನ ಚೀಲ ಇವುಗಳನ್ನು ಸಿದ್ಧವಾಗಿಡಬೇಕು. ಇಡದವನಿಗೆ ಕಾಲು ಪಣ ದಂಡ. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಯಿಸಬೇಕು. ಬೆಂಕಿಯಿಂದ ಜೀವಿಸುವ ಕಮ್ಮಾರ ಮೊದಲಾದವರನ್ನು ಒಂದೇ ಕಡೆ ನೆಲೆಗೊಳಿಸಬೇಕು. ಬೀದಿಗಳಲ್ಲಿ ನೀರಿನ ಕೊಡಗಳನ್ನು ಸಾವಿರದ ಲೆಕ್ಕದಲ್ಲಿ ಸಾಲಾಗಿಡಬೇಕು. ಬೆಂಕಿ ಬಿದ್ದದ್ದನ್ನು ಕಂಡೂ ಓಡಿಬಾರದ ಮನೆಯೊಡೆಯನಿಗೆ ೧೨ ಪಣ, ಬಾಡಿಗೆಯವನಿಗೆ ೬ ಪಣ, ಅಜಾಗ್ರತೆಯಿಂದ ಬೆಂಕಿ ಬೀಳಿಸಿದವನಿಗೆ ೫೪ ಪಣ ದಂಡ. ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳತಕ್ಕ ಅಂಶವೇನೆಂದರೆ, ಬೆಂಕಿ ಬಿದ್ದ ಮೇಲಿನ ಉಪಾಯಕ್ಕಿಂತ ಬೀಳುವ ಮೊದಲಿನ ಸಿದ್ಧತೆಯ ಮೇಲೆಯೇ ಶಾಸ್ತ್ರಕಾರನ ಒತ್ತು ಇರುವದು. ಅದೂ ಅರಸನ ಭಟರಿಂದಲ್ಲ, ಗೃಹಸ್ಥನಿಂದ.

ಮನೆಯ ಮಾತು ಹೀಗಾದರೆ, ಊರಿನ ಮೇರೆಯ ಮಾತು ಧರ್ಮಶಾಸ್ತ್ರದಲ್ಲಿ ಬಂದಿರುವದು. ಊರಿನ ಸುತ್ತಲೂ ನೂರು ಧನುಸ್ಸುಗಳಷ್ಟು ನೆಲವನ್ನು ‘ಪರೀಹಾರ’ವೆಂದು ಬಿಡಬೇಕೆಂದು ಮನುವು ವಿಧಿಸಿರುವನು. ಅಲ್ಲಿ ಬೇಲಿಯಿಲ್ಲದೆ ಬೆಳೆ ಮಾಡಿದವನ ಪೈರನ್ನು ದನಗಳು ಮೇದರೆ ಗೋಪಾಲಕನಿಗೆ ದಂಡವಿಲ್ಲ. ಯಾಜ್ಞವಲ್ಕ್ಯನು ಇನ್ನೂ ಸ್ಪಷ್ಟವಾಗಿ ಅಳತೆಗಳನ್ನು ಕೊಟ್ಟಿರುವನು: ಊರಿಗೂ ಹೊಲಕ್ಕೂ ನಡುವೆ ಹಳ್ಳಿಗೆ ೧೦೦ ಬಿಲ್ಲು, ಖರ್ವಟಕ್ಕೆ ೨೦೦ ಬಿಲ್ಲು, ನಗರಕ್ಕೆ ೪೦೦ ಬಿಲ್ಲು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನೆಂಬದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ಚಕ್ರವರ್ತಿಯ ಆಳಿಕೆಯ ಕಾಲ ೧೦೭೬ರಿಂದ ೧೧೨೬; ಬಾದಾಮಿ ಐಹೊಳೆಗಳ ಈ ಸೀಮೆಯು ಅವನ ರಾಜ್ಯದ ಒಳಗಣದೇ. ಒಂದು ಬಿಲ್ಲೆಂದರೆ ನಾಲ್ಕು ಮೊಳ, ಸುಮಾರು ಆರು ಅಡಿ. ಅಂದ ಮೇಲೆ ಸಣ್ಣ ಹಳ್ಳಿಗೆ ೬೦೦ ಅಡಿಯ ಬಯಲು, ನಗರಕ್ಕೆ ೨,೪೦೦ ಅಡಿಯ ಬಯಲು!

ಈ ಬಯಲನ್ನು ಬಿಟ್ಟದ್ದು ದನಗಳ ಮೇವಿಗಾಗಿ ಮತ್ತು ಪೈರಿನ ರಕ್ಷಣೆಗಾಗಿಯೇ ಹೊರತು ಬೆಂಕಿಯ ಸಲುವಾಗಿ ಅಲ್ಲ. ಆದರೂ ಒಂದು ಏರ್ಪಾಡಿನಿಂದ ಎರಡು ಪ್ರಯೋಜನಗಳು ಸಿದ್ಧಿಸುವದುಂಟು. ಊರಿನ ದನಕರುಗಳೂ ಆಡುಕುರಿಗಳೂ ಮುಂಜಾನೆ ಹೊರಟು ಸಂಜೆಗೆ ಮರಳುವಾಗ ದಿನಕ್ಕೆರಡು ಬಾರಿ ತುಳಿದ ನೆಲದಲ್ಲಿ ಹುಲ್ಲು ಬೆರಳುದ್ದಕ್ಕಿಂತ ಹೆಚ್ಚಿಗೆ ನಿಲ್ಲಲಾರದು. ಗುಡ್ಡದಿಂದಿಳಿದ ಬೆಂಕಿಯು ಅಲ್ಲಿಗೆ ಬಂದು ಆಹಾರವಿಲ್ಲದೆ ತಾನಾಗಿ ಆರುವದು. ಇದಕ್ಕೆ ನಮ್ಮ ಸೀಮೆಯ ಮನೆಗಳ ಕಟ್ಟಡವೂ ಅನುಕೂಲವಾಗಿತ್ತು. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ: ಇಂಥ ಮನೆಯ ಮೇಲೆ ಕಿಡಿ ಬಿದ್ದರೆ ಅದಕ್ಕೆ ಹಿಡಿಯಲು ಏನೂ ಇರಲಿಲ್ಲ. ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬುತ್ತಿದ್ದರು. ಮೇಲೆ ಊರೇ ಉರಿದರೂ ಕಾಳು ಉಳಿಯುತ್ತಿತ್ತು. ಮರವು ಅಳಿದು ಕಲ್ಲು ಉಳಿಯುವದಕ್ಕೆ ನಮ್ಮಲ್ಲಿ ಬೇರೆ ಸಾಕ್ಷಿ ಬೇಡ. ಶಕ ೪೬೫ರಲ್ಲಿ, ಅಂದರೆ ಕ್ರಿ.ಶ. ೫೪೩ರಲ್ಲಿ, ಒಂದನೆಯ ಪುಲಿಕೇಶಿಯು ವಾತಾಪಿಯ ಗುಡ್ಡವನ್ನು ದುರ್ಗವಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಶಾಸನವು ಹೇಳುವದು. ಆ ಕಾಲದ ಮರದ ಮನೆಗಳು ಒಂದೂ ಇಲ್ಲ. ಐಹೊಳೆಯ ಲಾಡಖಾನ ಗುಡಿಯ ಮಾಳಿಗೆಯಲ್ಲಿ ಹಾಸುಗಲ್ಲುಗಳ ಸಂದುಗಳ ಮೇಲೆ ತೊಲೆಯಂತೆ ಹೊರಿಸಿದ ಉದ್ದ ಕಲ್ಲುಗಳನ್ನು ನೋಡಿದರೆ, ಹಿಂದಿನ ಮರಗೆಲಸದ ಆಕಾರವು ಕಲ್ಲಿನಲ್ಲಿ ಮಾತ್ರ ಉಳಿದುಕೊಂಡದ್ದು ಕಾಣುವದು.

ಬೆಂಕಿಯಿಡುವವನಿಗೆ ಯಾಜ್ಞವಲ್ಕ್ಯನು ವಿಧಿಸಿದ ಶಿಕ್ಷೆಯು ಅತಿ ಕ್ರೂರವಾದದ್ದು. ಅದು ನಮಗೆ ಬೇಡ. ಆದರೆ ಆ ಪ್ರಸಂಗದಲ್ಲಿ ಅವನು ಹೊಲ, ಮನೆ, ಕಾಡು, ಊರು, ಗೋಮಾಳ, ಕಣ ಈ ಆರನ್ನೂ ಒಂದೇ ಉಸಿರಿನಲ್ಲಿ ಎಣಿಸಿರುವದನ್ನು ಗಮನಿಸಬೇಕು. ಇವು ಒಂದಕ್ಕೊಂದು ಹೊಂದಿಕೊಂಡ ನೆಲಗಳೆಂದೂ, ಒಂದರಲ್ಲಿ ಬಿದ್ದ ಬೆಂಕಿ ಆರಕ್ಕೂ ಹಬ್ಬುವದೆಂದೂ ಬಲ್ಲವನೇ ಹೀಗೆ ಎಣಿಸಬಲ್ಲನು.

ಈ ನಡುವಣ ಬಯಲಿಗೆ ನಮ್ಮ ಭಾಗದಲ್ಲಿ ಈಚಿನ ಹೆಸರು ಗಾಯರಾಣ. ಅದು ಕಾನೂನಿನಿಂದ ಅಳಿದದ್ದಲ್ಲ. ೧೯೨೭ರ ಭಾರತೀಯ ಅರಣ್ಯ ಕಾಯಿದೆಯು ಕಾಡಿನಲ್ಲಿ ಮೇವು ಕಟ್ಟಿಗೆಗಳ ಹಕ್ಕುಳ್ಳವರು ಬೆಂಕಿಯನ್ನಾರಿಸಲು ನೆರವಾಗಲೇಬೇಕೆಂದು ಕಟ್ಟುಮಾಡಿತು. ಕೌಟಿಲ್ಯನ ೧೨ ಪಣದ ದಂಡಕ್ಕೆ ಇದು ದೂರದ ಬಂಧು. ಕರ್ನಾಟಕದ ಭೂಕಂದಾಯ ನಿಯಮಗಳು ಪ್ರತಿ ೧೦೦ ದನಗಳಿಗೆ ೩೦ ಎಕರೆಯಂತೆ ಗೋಮಾಳವನ್ನು ಕಾದಿಡಬೇಕೆನ್ನುವವು. ೨೦೧೧ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಊರಿನ ಸಾಮುದಾಯಿಕ ಭೂಮಿಗಳ ಮೇಲಿನ ಒತ್ತುವರಿಯನ್ನು ತೆರವುಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಕಾಗದದಲ್ಲಿ ಬಯಲು ಇದೆ; ನೆಲದ ಮೇಲೆ ಅದು ಅನೇಕ ಕಡೆಗೆ ಹೊಲವಾಗಿ, ಮನೆಯಾಗಿ, ಕಲ್ಲುಗಣಿಯಾಗಿ ಕರಗಿರುವದು. ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ವಹಿಸಿಕೊಂಡ ಮೇಲೆ ದನಗಳು ಕಡಿಮೆಯಾದವು. ಉಳಿದ ಬಯಲಿನಲ್ಲಿ ಹುಲ್ಲು ಮೇಯುವವರಿಲ್ಲದೆ ನಿಲ್ಲುವದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವೂ ಅನೇಕ ಹಳ್ಳಿಗಳೂ ಮುಳುಗಿದಾಗ ನವನಗರವನ್ನೂ ಪುನರ್ವಸತಿ ಕೇಂದ್ರಗಳನ್ನೂ ಎತ್ತರದ ಬಯಲಿನಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅಂಥ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟದ ನಿವೇಶನವೆಂದರೆ ಒಣಹುಲ್ಲಿನ ತುಣುಕು. ಮಾಳಿಗೆಯ ಸ್ಥಾನಕ್ಕೆ ತಗಡು, ಬಣವೆಯ ಮೇಲೆ ಪ್ಲಾಸ್ಟಿಕ್ಕಿನ ತಾಡಪತ್ರಿ, ಗೋಡೆಗೆ ಹೊಂದಿಸಿ ಹನಿನೀರಾವರಿಯ ಕೊಳವೆಗಳ ಸುರುಳಿ: ಬೆಂಕಿಗೆ ಬೇಕಾದದ್ದನ್ನೆಲ್ಲ ನಾವೇ ಸಾಲಾಗಿ ಜೋಡಿಸಿದಂತಾಗಿದೆ.

ಇದರ ಪರಿಣಾಮವನ್ನು ಪರದೇಶಗಳಲ್ಲಿ ನೋಡಬೇಕು. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ೨೦೧೮ರ ನವೆಂಬರದಲ್ಲಿ ಪ್ಯಾರಡೈಸ್ ಎಂಬ ಊರು ಕಾಡ್ಗಿಚ್ಚಿಗೆ ತುತ್ತಾಗಿ ೮೫ ಜನ ಸತ್ತರು. ೨೦೨೩ರ ಆಗಸ್ಟದಲ್ಲಿ ಹವಾಯಿ ದ್ವೀಪಗಳ ಲಹೈನಾ ಪಟ್ಟಣವು ಸುಟ್ಟು ನೂರರಷ್ಟು ಜನ ಮಡಿದರು. ಅಲ್ಲಿ ಉರಿದದ್ದು ಹೆಮ್ಮರಗಳ ಕಾಡಲ್ಲ. ಕಬ್ಬು ಬೆಳೆಯುವದನ್ನು ಬಿಟ್ಟ ಹೊಲಗಳಲ್ಲಿ ಹಬ್ಬಿದ ಪರದೇಶದ ಹುಲ್ಲು. ಅಮೇರಿಕೆಯ ಅರಣ್ಯ ಇಲಾಖೆಯ ಸಂಶೋಧಕ ಜ್ಯಾಕ್ ಕೋಹೆನ್ ಎಂಬವರು ಇಂಥ ದುರಂತಗಳನ್ನು ಬಹುಕಾಲ ಪರೀಕ್ಷಿಸಿ, ಮನೆಗಳು ಸುಡುವದಕ್ಕೆ ಮುಖ್ಯ ಕಾರಣ ದೊಡ್ಡ ಜ್ವಾಲೆಯಲ್ಲ, ಗಾಳಿಯಲ್ಲಿ ಮುಂಚಿತವಾಗಿ ಹಾರಿಬರುವ ಕಿಡಿಗಳು ಮತ್ತು ಗೋಡೆಯವರೆಗೆ ಹಬ್ಬಿದ ಕಸಕಡ್ಡಿಯ ಸಣ್ಣ ಬೆಂಕಿ ಎಂದು ತೋರಿಸಿದರು. ಕೆನಡಾದಲ್ಲಿ ಉರಿಯುವ ಕಾಡಿನೆದುರು ಮರದ ಗೋಡೆಗಳನ್ನು ನಿಲ್ಲಿಸಿ ಪ್ರಯೋಗ ಮಾಡಿದಾಗ, ೧೦ ಮೀಟರ್ ದೂರದಲ್ಲಿದ್ದ ಗೋಡೆಗಳಿಗೆ ಕೆಲವು ಸಲ ಬೆಂಕಿ ಹತ್ತಿತು. ೨೦, ೩೦ ಮೀಟರ್ ದೂರದವಕ್ಕೆ ಹತ್ತಲಿಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದ ಕಾನೂನು ಮನೆಯ ಸುತ್ತ ೧೦೦ ಅಡಿಯ ವರೆಗೆ ಒಣಸಸ್ಯವನ್ನು ತೆಗೆಯಬೇಕೆನ್ನುವದು. ನಮ್ಮ ಹಳ್ಳಿಗೆ ಸ್ಮೃತಿಯು ಬಿಟ್ಟ ಬಯಲು ಅದರ ಆರು ಪಟ್ಟು!

ನಮ್ಮ ನಾಡಿನಲ್ಲಿಯೂ ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಅಡವಿ ೪,೦೦೦ ಹೆಕ್ಟೇರಿಗೂ ಮಿಕ್ಕಿ ಸುಟ್ಟು, ವಾಯುಸೇನೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿಯಬೇಕಾಯಿತು. ಬಾದಾಮಿಯ ಗುಡ್ಡದ ಹುಲ್ಲಿಗೆ ಹೆಲಿಕಾಪ್ಟರು ಬರುವದೆಂದು ಯಾರೂ ಕಾದು ಕುಳ್ಳಿರಲಾಗದು. ಆ ಹುಲ್ಲು ಒಂದು ತಾಸಿನಲ್ಲಿ ಉರಿದು ತೀರುವದು.

ಆದ್ದರಿಂದ ಹಳೆಯ ಬಯಲನ್ನು ಪೂರ್ತಿಯಾಗಿ ತರಲು ಆಗದಿದ್ದರೂ ಅದರ ಗುಣವನ್ನು ಪ್ರತಿಯೊಂದು ಮನೆಯ ಸುತ್ತ ತರಬಹುದು. ಗೋಡೆಯಿಂದ ಐದು ಅಡಿಯವರೆಗೆ ಬರಿಯ ನೆಲವೋ ಹಾಸುಗಲ್ಲೋ ಇರಲಿ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು, ತಾಡಪತ್ರಿ, ಕೊಳವೆ ಯಾವದೂ ಅಲ್ಲಿರಬಾರದು. ಮೂವತ್ತು ಅಡಿಯವರೆಗೆ ಹುಲ್ಲನ್ನು ಬುಡಕ್ಕೆ ಕೊಯ್ಯಬೇಕು. ನೂರು ಅಡಿಯವರೆಗೆ ಕುರುಚಲನ್ನು ವಿರಳಮಾಡಿ, ಗಿಡಗಳ ಕೆಳಗಿನ ಒಣಟೊಂಗೆಗಳನ್ನು ಸವರಬೇಕು. ಬೇವನ್ನೂ ಬನ್ನಿಯನ್ನೂ ಕಡಿಯತಕ್ಕದ್ದಿಲ್ಲ. ನೆರಳು ಬೇಕು, ನೆಲಕ್ಕೆ ತಾಗುವ ಒಣಕಡ್ಡಿ ಬೇಡ. ಬಣವೆಗಳನ್ನು ಒಂದಕ್ಕೊಂದು ಹೊಂದಿಸಿ ಒಟ್ಟದೆ ನಡುವೆ ಬಂಡಿ ಹೋಗುವಷ್ಟು ಅಂತರವಿಡಬೇಕು. ಸುತ್ತಲೂ ನೇಗಿಲಿನಿಂದ ನಾಲ್ಕು ಸಾಲು ಉತ್ತು ಮಣ್ಣನ್ನು ಮೇಲೆ ತರಬೇಕು. ಊರಿಗೂ ಗುಡ್ಡಕ್ಕೂ ನಡುವಿನ ಹುಲ್ಲನ್ನು ಸುಡದೆ ಕೊಯ್ದು ಮೇವಾಗಿ ಹಂಚಿಕೊಂಡರೆ ಬೆಂಕಿಯ ಆಹಾರವು ದನದ ಆಹಾರವಾಗುವದು; ಕುರುಬರ ಹಿಂಡುಗಳನ್ನು ಕರೆದು ಅಲ್ಲಿ ಮೇಯಿಸಿದರೂ ಆದೀತು.

ಇದಕ್ಕೆ ಒಂದು ಗಡುವು ಬೇಕು. ಬನದ ಹುಣ್ಣಿಮೆಗಿಂತ ಯೋಗ್ಯವಾದ ದಿನ ನಮ್ಮ ಸೀಮೆಗೆ ಬೇರೆ ಇಲ್ಲ. ಪುಷ್ಯದಲ್ಲಿ ಬನಶಂಕರಿಯ ಜಾತ್ರೆ ನೆರೆಯುವ ಹೊತ್ತಿಗೆ ಹುಲ್ಲು ಒಣಗಿರುವದು, ಆದರೆ ಬೇಸಗೆಯ ಗಾಳಿ ಇನ್ನೂ ಎದ್ದಿರುವದಿಲ್ಲ. ವನದ ಶಂಕರಿಯೆಂದು ಹೆಸರುಳ್ಳ ತಾಯಿಯ ಪರಿಷೆಗೆ ಹೋಗುವ ಮೊದಲು ಮನೆಯ ಸುತ್ತಣ ಹುಲ್ಲನ್ನು ತೆಗೆದಿಡುವದೂ, ಜಾತ್ರೆಯ ಬಯಲಿನಲ್ಲಿ ಅಡಿಗೆ ಮಾಡಿದವರು ಮೂರು ಕಲ್ಲಿನ ಒಲೆಗೆ ನೀರು ಹೊಯ್ದು ಕೈಯಿಂದ ಮುಟ್ಟಿನೋಡಿ ಹೊರಡುವದೂ ಆ ದೇವಿಯ ಸೇವೆಯೇ. ಮುಂದೆ ಫಾಲ್ಗುಣದಲ್ಲಿ ಬಾಗಲಕೋಟೆಯ ಪ್ರಖ್ಯಾತ ಹೋಳಿ ಬರುವದು. ಓಣಿಯ ನಡುವೆ ಹತ್ತಾರು ಜನರೆದುರು ಉರಿಯುವ ಕಾಮದಹನದಲ್ಲಿ ಭಯ ಕಡಿಮೆ. ಮರುದಿನ ಆರದೆ ಉಳಿದ ಕೆಂಡದ ಮೇಲೆ ಒಬ್ಬರ ಕಣ್ಣಿರಲಿ.

ಗ್ರಾಮ ಪಂಚಾಯತಿಗಳು ಗಾಯರಾಣದ ಮೇರೆಗಳನ್ನು ಅಳೆಯಿಸಿ ಕಲ್ಲು ನಡಿಸಬೇಕು. ಖಾಲಿ ನಿವೇಶನದ ಒಡೆಯರಿಂದ ಹುಲ್ಲು ಕೊಯ್ಯಿಸಬೇಕು. ಉಪಗ್ರಹಗಳು ಬೆಂಕಿಯ ತಾಣವನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸುವ ವ್ಯವಸ್ಥೆ ಈಗ ಉಂಟು; ೧೧೨ಕ್ಕೆ ಕರೆ ಮಾಡಿದರೆ ಅಗ್ನಿಶಾಮಕ ದಳವೂ ಹೊರಡುವದು. ಆದರೆ ದೂರದ ಹಳ್ಳಿಗೆ ಅದು ತಲುಪುವ ವರೆಗಿನ ಹೊತ್ತು ಊರವರದೇ. ಆ ಹೊತ್ತಿಗಾಗಿಯೇ ಕೌಟಿಲ್ಯನು ಮನೆಮನೆಗೆ ಕೊಡ, ಏಣಿ, ಕೊಕ್ಕೆಗಳನ್ನು ಹೇಳಿದ್ದು. ಈ ವರುಷದ ಸುಗ್ಗಿ ಮುಗಿದು ಬಣವೆ ಒಟ್ಟುವ ಮೊದಲೇ ನಮ್ಮ ಊರುಗಳ ಹಿರಿಯರು ಒಂದು ಸಂಜೆ ಚಾವಡಿಯಲ್ಲಿ ಕೂತು, ಬಣವೆಗಳ ಜಾಗ ಯಾವದು, ನೀರು ಎಲ್ಲಿಂದ, ಬೆಂಕಿ ಕಂಡರೆ ಮೊದಲು ಓಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಗೊತ್ತುಮಾಡಿಕೊಳ್ಳಬೇಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುವೆನು.