ಬೇಲಿಗೂ ಒಂದು ಕಾವಲು

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ನಾವು ಕನ್ನಡದಲ್ಲಿ ಕೇಳುತ್ತೇವೆ. ನೆರೆಮನೆಯ ಮಲೆಯಾಳಿ ಬಂಧುಗಳು ‘ವೇಲಿ ತನ್ನೆ ವಿಳವು ತಿನ್ನುಕ’ ಎಂದು ಅದನ್ನೇ ಹೇಳುತ್ತಾರೆ. ಎರಡು ಭಾಷೆಗಳಿಗೂ ಈ ಗಾದೆ ಬೇಕಾಯಿತೆಂದರೆ ಅನುಭವವೂ ಒಂದೇ ಇರಬೇಕು. ಹಾಂಗ್‌ಕಾಂಗಿನ ಒಂದು ಪೊಲೀಸ್ ಚಲನಚಿತ್ರವನ್ನು ನೋಡಿದಾಗ ನನಗೆ ನೆನಪಾದದ್ದು ಈ ಗಾದೆಯೇ.

ಲಾಂಗ್‌ಮನ್ ಲ್ಯೂಂಗ್ ಮತ್ತು ಸನ್ನಿ ಲುಕ್ ಜೊತೆಯಾಗಿ ನಿರ್ದೇಶಿಸಿದ ‘ಕೋಲ್ಡ್ ವಾರ್’ 2012ರಲ್ಲಿ ಬಂತು. ಅದರ ಎರಡನೆಯ ಭಾಗ 2016ರಲ್ಲಿ. ಮೊದಲ ಭಾಗದಲ್ಲಿ ಒಂದು ಪೊಲೀಸ್ ವಾಹನ ಸಿಬ್ಬಂದಿಯ ಸಮೇತ ಕಾಣೆಯಾಗುತ್ತದೆ. ಅವರನ್ನು ಹುಡುಕುವ ಹೊತ್ತಿನಲ್ಲೇ ಇಬ್ಬರು ಉಪ ಕಮಿಷನರುಗಳ ನಡುವೆ ಅಧಿಕಾರದ ಜಗಳ ಹತ್ತಿಕೊಳ್ಳುತ್ತದೆ. ಅಪರಾಧದ ಸೂತ್ರಧಾರ ಅವರಲ್ಲೊಬ್ಬರ ಮಗನೇ ಎಂದು ಕೊನೆಗೆ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ, ಕಮಿಷನರಾದವನ ಹೆಂಡತಿಯನ್ನು ಅಪಹರಿಸಿ ಆ ಕೈದಿಯನ್ನು ಬಿಡಿಸಿಕೊಳ್ಳುತ್ತಾರೆ. ಶಾಸನಸಭೆ ಕಮಿಷನರನನ್ನು ವಿಚಾರಣೆಗೆ ಕರೆಯುತ್ತದೆ. ಹಳೆಯ ಪ್ರತಿಸ್ಪರ್ಧಿ ಅವನ ವಿರುದ್ಧ ನಿಲ್ಲುತ್ತಾನೆ. ಇವೆಲ್ಲದರ ಹಿಂದೆ, ಪೊಲೀಸ್ ಪಡೆಯನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಬಯಸುವ ದೊಡ್ಡವರಿದ್ದಾರೆ.

ಕಥೆ ಕಲ್ಪಿತ. ಆದರೆ ಮೊದಲ ಭಾಗದಲ್ಲಿ ಆ ಇಬ್ಬರು ಮೇಲಧಿಕಾರಿಗಳನ್ನೂ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವ ಒಂದು ಸಂಸ್ಥೆಯಿದೆಯಲ್ಲ, ಅದು ಕಲ್ಪಿತವಲ್ಲ. ಭ್ರಷ್ಟಾಚಾರ ವಿರೋಧಿ ಸ್ವತಂತ್ರ ಆಯೋಗವೆಂಬ ಆ ಸಂಸ್ಥೆ ಹುಟ್ಟಿದ ಬಗೆ ಯಾವ ಸಿನಿಮಾಕ್ಕೂ ಕಡಿಮೆಯದಲ್ಲ.

1960ರ ದಶಕದ ಹಾಂಗ್‌ಕಾಂಗ್ ಬ್ರಿಟಿಷರ ವಸಾಹತು. ಅಲ್ಲಿ ‘ಚಹಾದ ಕಾಸು’ ಕೊಡದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಬೀದಿಬದಿಯ ವ್ಯಾಪಾರಿ ಪೊಲೀಸರಿಗೆ ಕೊಡಬೇಕು. ರೋಗಿಯ ಮನೆಯವರು ಆಂಬುಲೆನ್ಸಿನವರಿಗೆ ಕೊಡಬೇಕು. ಮನೆಗೆ ಬೆಂಕಿ ಬಿದ್ದರೆ ನೀರು ಬಿಡುವ ಮುನ್ನವೇ ಕೊಡಬೇಕು. ಪೊಲೀಸ್ ಠಾಣೆಗಳಲ್ಲಿ ಜೂಜುಕಟ್ಟೆ, ಅಫೀಮು ಅಡ್ಡೆಗಳಿಂದ ಬಂದ ಹಣ ಲೆಕ್ಕವಿಟ್ಟು ಹಂಚಿಕೆಯಾಗುತ್ತಿತ್ತು. ಈ ವ್ಯವಸ್ಥೆಯನ್ನು ಅವರು ಒಂದು ಬಸ್ಸಿಗೆ ಹೋಲಿಸುತ್ತಿದ್ದರು. ಬೇಕಾದವರು ಹತ್ತಬಹುದು, ಬೇಡವಾದವರು ಪಕ್ಕದಲ್ಲಿ ಓಡಬಹುದು. ಎದುರಿಗೆ ಮಾತ್ರ ಯಾರೂ ನಿಲ್ಲಬಾರದು.

ಇಲ್ಲಿ ಭಾಷೆಯ ಮಾತೂ ಇದೆ. ಜನರಲ್ಲಿ ಬಹುತೇಕ ಎಲ್ಲರೂ ಚೀನೀಯರು. ಆದರೆ 1974ರವರೆಗೆ ಇಂಗ್ಲಿಷೊಂದೇ ಆಡಳಿತ ಭಾಷೆ. ಮೇಲಿನ ಆಂಗ್ಲ ಅಧಿಕಾರಿಗೆ ಬೀದಿಯ ಮಾತು ತಿಳಿಯದು. ಬೀದಿಯವನಿಗೆ ಕಚೇರಿಯ ಕಾಗದ ತಿಳಿಯದು. ನಡುವೆ ನಿಂತ ಚೀನೀ ಸಾರ್ಜೆಂಟರು ಕೋಟ್ಯಧೀಶರಾದರು. ಅವರಲ್ಲಿ ಹೆಸರಾದ ಲೂಯಿ ಲಾಕ್‌ನ ಬದುಕನ್ನು ಆಧರಿಸಿಯೇ 1991ರಲ್ಲಿ ‘ಲೀ ರಾಕ್’ ಎಂಬ ಚಿತ್ರವೂ ಅದರ ಎರಡನೆಯ ಭಾಗವೂ ಬಂದವು. ಮನೆಯ ಭಾಷೆ ಒಂದು, ಕಚೇರಿಯ ಭಾಷೆ ಇನ್ನೊಂದು ಆದಾಗ ನಡುವೆ ನಿಂತವನಿಗೆ ಎಷ್ಟು ಬಲ ಬರುತ್ತದೆಂಬುದನ್ನು 1956ರ ಬಳಿಕ ಕೇರಳದೊಳಗೆ ಬಾಳಿದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ನಿಂತವರೆಲ್ಲ ಲಂಚಕೋರರಲ್ಲ. ನಮಗೆ ಅರ್ಜಿ ಬರೆದುಕೊಟ್ಟ ಪುಣ್ಯಾತ್ಮರೂ ಇದ್ದಾರೆ. ಆದರೆ ಅವರ ಒಳ್ಳೆಯತನವನ್ನೇ ನಂಬಿ ಬದುಕಬೇಕಾಗಿ ಬರುವುದು ನ್ಯಾಯವಲ್ಲ.

ಅಲ್ಲಿ ಲಂಚದ ವಿರುದ್ಧ ಕಾನೂನು ಇರಲಿಲ್ಲವೆಂದಲ್ಲ. 1971ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ಸಂಬಳಕ್ಕೆ ಮೀರಿದ ಆಸ್ತಿಗೆ ಸರಕಾರಿ ನೌಕರನೇ ಲೆಕ್ಕ ಒಪ್ಪಿಸಬೇಕು. ಆದರೆ ತನಿಖೆ ಮಾಡುವ ಶಾಖೆ ಪೊಲೀಸ್ ಪಡೆಯೊಳಗೇ ಇತ್ತು. ಪೀಟರ್ ಗಾಡ್ಬರ್ ಎಂಬ ಚೀಫ್ ಸೂಪರಿಂಟೆಂಡೆಂಟನ ಬಳಿ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿದ ಸಂಪತ್ತು ಪತ್ತೆಯಾಯಿತು. ಅವನಿಗೆ ಉತ್ತರ ಕೊಡಲು ಒಂದು ವಾರದ ಗಡುವು ಸಿಕ್ಕಿತು. 1973ರ ಜೂನ್ 8ರಂದು ಅವನು ತನ್ನ ಪೊಲೀಸ್ ಪಾಸನ್ನೇ ತೋರಿಸಿ ವಿಮಾನ ನಿಲ್ದಾಣದ ತಪಾಸಣೆಯನ್ನು ದಾಟಿ, ಸಿಂಗಾಪುರದ ಮೂಲಕ ಇಂಗ್ಲೆಂಡಿಗೆ ಪರಾರಿಯಾದ.

ಜನ ಬೀದಿಗಿಳಿದರು. ಗಾಡ್ಬರನನ್ನು ಹಿಡಿದು ತನ್ನಿ ಎಂದು ವಿದ್ಯಾರ್ಥಿಗಳು ಕೂಗಿದರು. ನ್ಯಾಯಾಧೀಶ ಬ್ಲೇರ್-ಕೆರ್ ವಿಚಾರಣೆ ನಡೆಸಿ ವರದಿ ಕೊಟ್ಟರು. ತನಿಖೆಯನ್ನು ಪೊಲೀಸರ ಕೈಯಿಂದ ತೆಗೆಯಬೇಕೆಂದು ಗವರ್ನರ್ ಮರ್ರೆ ಮ್ಯಾಕ್ಲಿಹೋಸ್ ತೀರ್ಮಾನಿಸಿದರು. 1974ರ ಫೆಬ್ರವರಿಯಲ್ಲಿ ಸ್ವತಂತ್ರ ಆಯೋಗ ಹುಟ್ಟಿತು. ಅದು ನೇರವಾಗಿ ಗವರ್ನರಿಗಷ್ಟೇ ಉತ್ತರ ಹೇಳಬೇಕಿತ್ತು. ತನಿಖೆ ಮಾಡಲು ಒಂದು ವಿಭಾಗ, ಕಚೇರಿಗಳಲ್ಲಿ ಲಂಚಕ್ಕೆ ಎಡೆಯಾಗುವ ಕಂಡಿಗಳನ್ನು ಮುಚ್ಚಲು ಇನ್ನೊಂದು, ಜನರ ಬಳಿಗೆ ಹೋಗಿ ತಿಳಿಹೇಳಲು ಮತ್ತೊಂದು. ಅದೇ ವರ್ಷ ಚೀನೀ ಭಾಷೆಯೂ ಆಡಳಿತ ಭಾಷೆಯಾಯಿತು. ಗಾಡ್ಬರನನ್ನು 1975ರ ಜನವರಿಯಲ್ಲಿ ಮರಳಿ ತಂದರು. ಅವನಿಗೆ ನಾಲ್ಕು ವರ್ಷ ಸೆರೆವಾಸವಾಯಿತು.

ಸಿನಿಮಾವಾಗಿದ್ದರೆ ಇಲ್ಲಿ ‘ಶುಭಂ’ ಎಂದು ತೋರಿಸಿ ಪರದೆ ಎಳೆಯುತ್ತಿದ್ದರು. ಇತಿಹಾಸಕ್ಕೆ ಮಾತ್ರ ಎರಡನೆಯ ಭಾಗವಿತ್ತು.

ಆಯೋಗ ಒಬ್ಬೊಬ್ಬ ಪೊಲೀಸನನ್ನಲ್ಲ, ಇಡೀ ಕೂಟಗಳನ್ನೇ ಹಿಡಿಯತೊಡಗಿದಾಗ ಪಡೆ ತಿರುಗಿಬಿತ್ತು. 1977ರ ಅಕ್ಟೋಬರ್ 28ರಂದು ಸಾವಿರಾರು ಪೊಲೀಸರು ಸಭೆ ಸೇರಿ ಮೆರವಣಿಗೆ ನಡೆಸಿದರು. ಅವರಲ್ಲಿ ಒಂದು ಗುಂಪು ಆಯೋಗದ ಕಚೇರಿಗೇ ನುಗ್ಗಿ ಅಲ್ಲಿನವರ ಮೇಲೆ ಕೈಮಾಡಿತು. ನಗರದ ಕಾವಲೇ ಕೈಬಿಟ್ಟೀತೆಂಬ ಭಯ ಸರಕಾರಕ್ಕೆ. ನವೆಂಬರ್ 5ರಂದು ಗವರ್ನರು ಭಾಗಶಃ ಕ್ಷಮಾದಾನ ಸಾರಿದರು. 1977ರ ಜನವರಿ 1ಕ್ಕೆ ಹಿಂದಿನ ಅಪರಾಧಗಳನ್ನು, ಆಗಲೇ ವಿಚಾರಣೆಗೆ ಒಳಗಾದವರು ಮತ್ತು ದೇಶಬಿಟ್ಟು ಓಡಿದವರು ಮೊದಲಾದವರದ್ದನ್ನು ಬಿಟ್ಟು, ಸಾಮಾನ್ಯವಾಗಿ ಕೆದಕುವುದಿಲ್ಲ ಎಂದು.

ಇದು ಸರಿಯೇ? ಬೆಂಕಿ ಬಿದ್ದ ಮನೆಯೆದುರು ನಿಂತು ಕಾಸು ಎಣಿಸಿಕೊಟ್ಟವನಿಗೆ ಈ ಕ್ಷಮೆಯಿಂದ ಯಾವ ನ್ಯಾಯವೂ ಸಿಗಲಿಲ್ಲ. ತಪ್ಪಿತಸ್ಥರು ಅನೇಕರು ಪಿಂಚಣಿ ಪಡೆದು ಮನೆಗೆ ಹೋದರು. ಆದರೂ ಸರಕಾರ ಒಂದನ್ನು ಬಿಟ್ಟುಕೊಡಲಿಲ್ಲ. ಆಯೋಗ ಉಳಿಯಿತು; ಮರಳಿ ಪೊಲೀಸರ ಕೈಗೆ ಹೋಗಲಿಲ್ಲ. ಹಿಂದಿನ ಲೆಕ್ಕವನ್ನು ಕಳೆದುಕೊಂಡು ಮುಂದಿನದನ್ನು ಉಳಿಸಿಕೊಂಡ ಒಪ್ಪಂದವದು. 1997ರಲ್ಲಿ ಆಳುವವರು ಬದಲಾದ ಮೇಲೂ ಆಯೋಗ ನಿಂತಿತು. ಹಾಗೆಂದು ಅದೂ ದೇವರಲ್ಲ. ತನ್ನ ಮಾಜಿ ಮುಖ್ಯಸ್ಥರೊಬ್ಬರ ಅತಿಥಿಸತ್ಕಾರದ ಖರ್ಚಿನ ಬಗ್ಗೆ 2013ರಲ್ಲಿ ಅದೂ ವಿಚಾರಣೆ ಎದುರಿಸಬೇಕಾಯಿತು.

ಈ ಕಥೆ ನಮಗೆ ದೂರದ್ದೆನಿಸಬೇಕಾಗಿಲ್ಲ. ಗಡಿಯಾಚೆಯ ಕರ್ನಾಟಕದಲ್ಲಿ 1984ರ ಕಾಯಿದೆಯಿಂದ ಲೋಕಾಯುಕ್ತ ಬಂತು. ‘ಕೋಲ್ಡ್ ವಾರ್’ನ ಎರಡನೆಯ ಭಾಗ ತೆರೆಕಂಡ 2016ರಲ್ಲೇ ಅಲ್ಲಿನ ಸರಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ತನ್ನ ಕೈಕೆಳಗೆ ಕಟ್ಟಿ, ಲೋಕಾಯುಕ್ತ ಪೊಲೀಸರ ತನಿಖೆಯ ಅಧಿಕಾರವನ್ನು ಅದಕ್ಕೆ ಕೊಟ್ಟಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಜಗಳದ ಮೂಲ ಅದೇ: ಕಾವಲುಗಾರನ ಕಾವಲು ಯಾರ ಕೈಯಲ್ಲಿರಬೇಕು?

ಪೊಲೀಸ್ ಚಿತ್ರ ನೋಡುವ ನಮ್ಮ ಮಕ್ಕಳು ಒಬ್ಬ ಪ್ರಾಮಾಣಿಕ ಕಮಿಷನರು ಬಂದರೆ ಎಲ್ಲವೂ ಸರಿಯಾದೀತೆಂದು ನಂಬುತ್ತಾರೆ. ಅಂಥವರು ಬರಲಿ. ಆದರೆ ಅವರು ವರ್ಗವಾಗಿ ಹೋದ ಮರುದಿನವೂ ಬಡವನೊಬ್ಬ ತನ್ನ ಭಾಷೆಯಲ್ಲಿ ಬರೆದ ದೂರನ್ನು ಹೆದರದೆ ಕೊಡಬಲ್ಲ ಬಾಗಿಲೊಂದು ತೆರೆದಿರಬೇಕು. ಹಾಂಗ್‌ಕಾಂಗಿನ ಜನ ಪಡೆದದ್ದು ಆ ಬಾಗಿಲನ್ನು. ಮುಂದಿನ ಪೊಲೀಸ್ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡುವಾಗ ಈ ಮಾತನ್ನೂ ಮಕ್ಕಳಿಗೆ ಹೇಳೋಣ.