ದಂಡೆಗೆ ಬಂದವರು, ದಂಡೆಯಲ್ಲಿ ಉಳಿದವರು

ನಮ್ಮಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಸಿಇಟಿ, ಕೌನ್ಸೆಲಿಂಗ್, ಸೀಟು, ಬ್ಯಾಂಕಿನ ಸಾಲ. ಇಂಗ್ಲೆಂಡಿನ ಅನುಕೂಲಸ್ಥ ಮನೆಗಳಲ್ಲಿ ಇದೇ ವಯಸ್ಸಿನವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಮೊದಲು ಒಂದು ವರ್ಷ ಹೊರದೇಶಕ್ಕೆ ಹೋಗಿಬರುವ ರೂಢಿಯಿದೆ. ಕೆಲವರು ಸುಮ್ಮನೆ ಊರು ಸುತ್ತುತ್ತಾರೆ. ಕೆಲವರು ಯಾವುದೋ ಕಡಲ ದಂಡೆಯಲ್ಲಿ ಆಮೆಯ ಮೊಟ್ಟೆ ಕಾಯುತ್ತಾರೆ, ಕಾಡಿನಲ್ಲಿ ಹಕ್ಕಿ ಎಣಿಸುತ್ತಾರೆ. ಸಂಬಳವಿಲ್ಲದ ಕೆಲಸ, ಅಷ್ಟೇ ಅಲ್ಲ, ಆ ಕೆಲಸ ಮಾಡಲು ತಾವೇ ಹಣ ಕಟ್ಟಿ ಹೋಗುತ್ತಾರೆ. ಈ ವಿಚಿತ್ರ ಪದ್ಧತಿ ಬೆಳೆದುಬಂದ ಬಗೆ ಕುತೂಹಲಕರವಾದದ್ದು.

ಇದರ ಒಂದು ಬೇರು 1958ರಲ್ಲಿದೆ. ಆ ವರ್ಷ ಅಲೆಕ್ ಡಿಕ್ಸನ್ ಎಂಬ ಆಂಗ್ಲ ಮಹಾಶಯರು ತಮ್ಮ ಪತ್ನಿಯೊಂದಿಗೆ ಸೇರಿ ‘ವಾಲಂಟರಿ ಸರ್ವಿಸ್ ಓವರ್‌ಸೀಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಸರವಾಕ್, ಘಾನಾ ಮೊದಲಾದ ನಾಡುಗಳಿಗೆ ಕಳುಹಿಸಲಾಯಿತು. ಕಾಲವನ್ನು ಗಮನಿಸಬೇಕು. ಘಾನಾ ಸ್ವತಂತ್ರವಾಗಿ ಒಂದು ವರ್ಷವಾಗಿತ್ತಷ್ಟೆ. ಸಾಮ್ರಾಜ್ಯದ ಅಧಿಕಾರಿಗಳು ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿದ್ದಾಗ ಅದೇ ದೇಶದ ಹುಡುಗರು ಪಾಠ ಹೇಳಲು ಬಂದಿಳಿಯುತ್ತಿದ್ದರು. ಆ ಹುಡುಗರ ಮನಸ್ಸು ಶುದ್ಧವಾಗಿಯೇ ಇತ್ತೆಂದು ನಾನು ನಂಬುತ್ತೇನೆ. ಆದರೆ ಆತಿಥೇಯ ದೇಶಗಳಿಗೆ ಬೇಕಿದ್ದುದು ಕಸುಬು ಬಲ್ಲವರು. ಹೀಗಾಗಿ ಕೆಲವೇ ವರ್ಷಗಳಲ್ಲಿ ಸಂಸ್ಥೆ ಪದವೀಧರರತ್ತ ಹೊರಳಿಕೊಂಡಿತು.

ವನ್ಯಜೀವಿಗಳು ಈ ಕಥೆಯೊಳಗೆ ಬಂದದ್ದು ತುಸು ತಡವಾಗಿ. 1971ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ‘ಅರ್ಥ್‌ವಾಚ್’ ಹುಟ್ಟಿತು. ಸಂಶೋಧನೆಗೆ ಹಣವೂ ಬೇಕು, ಕೈಗಳೂ ಬೇಕು. ಎರಡನ್ನೂ ಸಾಮಾನ್ಯ ಜನರೇ ಕೊಡಲಿ ಎಂಬುದು ಅದರ ಸೂತ್ರ. ಸ್ವಯಂಸೇವಕ ಕಟ್ಟಿದ ದುಡ್ಡಿನಲ್ಲೇ ವಿಜ್ಞಾನಿಯ ಕೆಲಸ ನಡೆಯುತ್ತಿತ್ತು. 1978ರಿಂದ 1980ರವರೆಗೆ ನಡೆದ ‘ಆಪರೇಷನ್ ಡ್ರೇಕ್’ ಹದಿನೇಳರಿಂದ ಇಪ್ಪತ್ತನಾಲ್ಕು ವಯಸ್ಸಿನವರನ್ನು ಹಾಯಿಹಡಗಿನಲ್ಲಿ ಜಗತ್ತು ಸುತ್ತಿಸಿತು. 1984ರಲ್ಲಿ ಅದರ ಮುಂದುವರಿಕೆಯಾಗಿ ಬಂದ ‘ಆಪರೇಷನ್ ರಾಲಿ’ ಮುಂದೆ ರಾಲಿ ಇಂಟರ್‌ನ್ಯಾಷನಲ್ ಆಗಿ 2022ರಲ್ಲಿ ಬಾಗಿಲು ಹಾಕಿತು. ದಾರಿಯ ಎಲ್ಲೋ ಒಂದು ತಿರುವಿನಲ್ಲಿ ಸೇವೆ ಮಾಡುವವನೇ ಗಿರಾಕಿಯೂ ಆಗಿಬಿಟ್ಟ. ಗಿರಾಕಿ ಎಂದಮೇಲೆ ಅವನನ್ನು ಸಂತೋಷಪಡಿಸುವುದೂ ಯೋಜನೆಯ ಕೆಲಸವಾಗುತ್ತದೆ.

ಈ ತಿರುವನ್ನು ಹತ್ತಿರದಿಂದ ನೋಡಲು ಕೋಸ್ಟರಿಕಕ್ಕಿಂತ ಒಳ್ಳೆಯ ಜಾಗ ಸಿಗದು. ಮಧ್ಯ ಅಮೆರಿಕದ ಈ ಪುಟ್ಟ ದೇಶ 1948ರಲ್ಲಿ ತನ್ನ ಸೈನ್ಯವನ್ನೇ ರದ್ದುಮಾಡಿತು. ಎಡಕ್ಕೂ ಬಲಕ್ಕೂ ಎರಡು ಸಾಗರಗಳು. ಎರಡರ ದಂಡೆಗೂ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕೆರಿಬಿಯನ್ ಬದಿಯ ತೋರ್ತುಗೆರೊ ಎಂಬಲ್ಲಿಗೆ 1950ರ ದಶಕದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಆರ್ಚಿ ಕಾರ್ ಬಂದರು. ಆಗ ಅಲ್ಲಿ ‘ವೆಲಾದೋರ್’ ಎಂದು ಕರೆಸಿಕೊಳ್ಳುವವರು ದಂಡೆಯನ್ನು ಮೈಲಿಗಳ ಲೆಕ್ಕದಲ್ಲಿ ಹಂಚಿಕೊಂಡು ರಾತ್ರಿ ಕಾಯುತ್ತಿದ್ದರು. ಮೇಲೆ ಬಂದ ಹಸಿರು ಆಮೆಯನ್ನು ಬೆನ್ನಡಿಯಾಗಿ ಮಗುಚಿ ಹಾಕುವುದು, ಬೆಳಗಾದ ಮೇಲೆ ಹಡಗಿಗೆ ಸಾಗಿಸುವುದು. ಅವು ಶ್ರೀಮಂತ ದೇಶಗಳ ಊಟದ ಮೇಜಿನಲ್ಲಿ ಸೂಪಾಗುತ್ತಿದ್ದವು.

ಕಾರ್ ಅವರು 1956ರಲ್ಲಿ ‘ದಿ ವಿಂಡ್‌ವರ್ಡ್ ರೋಡ್’ ಪ್ರಕಟಿಸಿದರು. ಕಥೆ ಬರೆಯುವವನಾದ್ದರಿಂದ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು: ಆ ಪುಸ್ತಕದ ‘ದಿ ಬ್ಲ್ಯಾಕ್ ಬೀಚ್’ ಎಂಬ ಅಧ್ಯಾಯಕ್ಕೆ ಸಣ್ಣಕಥೆಗಳಿಗೆ ಕೊಡುವ ಓ. ಹೆನ್ರಿ ಪ್ರಶಸ್ತಿ ಬಂದಿತ್ತು. ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಕಥೆಗಾರರ ಸಾಲಿನಲ್ಲಿ ಹೀಗೆ ಕುಳಿತುಬಿಟ್ಟರು! ಪುಸ್ತಕ ಓದಿ ಮರುಳಾದ ಪ್ರಕಾಶಕ ಜೋಶುವಾ ಪವರ್ಸ್ ಅದರ ಪ್ರತಿಗಳನ್ನು ಗೆಳೆಯರಿಗೆಲ್ಲ ಹಂಚಿದರು. ಆ ಗೆಳೆಯರ ಬಳಗವೇ 1959ರಲ್ಲಿ ಆಮೆಗಳನ್ನು ಉಳಿಸುವ ಸಂಸ್ಥೆಯಾಯಿತು. ಇಂದು ಅದರ ಹೆಸರು ಸೀ ಟರ್ಟಲ್ ಕನ್ಸರ್ವೆನ್ಸಿ.

ಕಾರ್ ಆಮೆಗಳ ಮುಂಗಾಲಿಗೆ ಲೋಹದ ಬಿಲ್ಲೆ ಕಟ್ಟಿಸಿ ಬಿಡುತ್ತಿದ್ದರು. ಬಿಲ್ಲೆ ಕಳುಹಿಸಿದವರಿಗೆ ಐದು ಡಾಲರ್ ಇನಾಮು. ಬಿಲ್ಲೆಗಳು ಎಲ್ಲಿಂದೆಲ್ಲ ಬಂದವು? ಹೆಚ್ಚಿನವು ನಿಕರಾಗುವದ ಮಿಸ್ಕಿತೊ ಬುಡಕಟ್ಟಿನವರ ಕಡೆಯಿಂದ. ಅಂದರೆ ಆಮೆಯನ್ನು ಹಿಡಿದು ತಿನ್ನುತ್ತಿದ್ದವರಿಂದಲೇ! ತೋರ್ತುಗೆರೊದಲ್ಲಿ ಮೊಟ್ಟೆಯಿಡುವ ಆಮೆ ಮೇಯಲು ಎಲ್ಲಿಗೆ ಹೋಗುತ್ತದೆಂಬ ವಿಜ್ಞಾನ ನಿಂತದ್ದು ಈ ಬೆಸ್ತರ ಕೈಗುಣದ ಮೇಲೆ. ಪುಸ್ತಕಗಳಲ್ಲಿ ಕಾರ್ ಅವರ ಹೆಸರಿದೆ. ಬಿಲ್ಲೆ ಬಿಚ್ಚಿ ಕಳಿಸಿದವರ ಹೆಸರಿಲ್ಲ.

ಮುಂದೆ ಸಂಶೋಧನ ವಿದ್ಯಾರ್ಥಿಗಳು ಬಂದರು, ಆಮೇಲೆ ಹಣ ಕಟ್ಟಿ ಬರುವ ಸ್ವಯಂಸೇವಕರು. ಹದಿನೆಂಟರ ಹುಡುಗಿಯೊಬ್ಬಳು ಇಂಥ ದಂಡೆಯಲ್ಲಿ ಮಾಡುವ ಕೆಲಸ ಹೀಗಿರುತ್ತದೆ: ಕತ್ತಲಾದ ಮೇಲೆ ಗಂಟೆಗಟ್ಟಲೆ ಮರಳಿನಲ್ಲಿ ನಡೆಯಬೇಕು. ಟಾರ್ಚ್ ಕೆಂಪು ಬೆಳಕಿನದಾಗಿರಬೇಕು, ಬಿಳಿ ಬೆಳಕು ಕಂಡರೆ ಆಮೆ ಕಡಲಿಗೆ ಮರಳಿಬಿಡುತ್ತದೆ. ಟ್ರ್ಯಾಕ್ಟರ್ ಹೋದಂಥ ಜಾಡು ಸಿಕ್ಕರೆ ಉಸಿರು ಬಿಗಿಹಿಡಿದು ಕಾಯಬೇಕು. ಆಮೆ ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆಯಿಡಲು ತೊಡಗಿದ ಮೇಲೆ ಸುಲಭವಾಗಿ ಕದಲುವುದಿಲ್ಲ. ಆಗ ಬೋರಲು ಮಲಗಿ ಒಂದೊಂದೇ ಮೊಟ್ಟೆ ಎಣಿಸಬೇಕು. ಹಸಿರು ಆಮೆಯಾದರೆ ನೂರರ ಮೇಲೆ. ಚಿಪ್ಪಿನ ಅಳತೆ ತೆಗೆಯಬೇಕು, ಬಿಲ್ಲೆಯ ಸಂಖ್ಯೆ ಬರೆದುಕೊಳ್ಳಬೇಕು. ಕೆಲವು ಕಡೆ ಮೊಟ್ಟೆಗಳನ್ನು ಚೀಲದಲ್ಲಿ ಒಯ್ದು ಬೇಲಿ ಕಟ್ಟಿದ ಹ್ಯಾಚರಿಯಲ್ಲಿ ಹೂತು, ಸುಮಾರು ಎರಡು ತಿಂಗಳು ಪಾಳಿಯಲ್ಲಿ ಕಾಯುತ್ತಾರೆ. ಮಳೆ, ಸೊಳ್ಳೆ, ಒಣಗದ ಬಟ್ಟೆ. ಎಷ್ಟೋ ರಾತ್ರಿ ಒಂದು ಆಮೆಯೂ ಬರುವುದಿಲ್ಲ.

ಇದನ್ನು ಶ್ರೀಮಂತರ ಮಕ್ಕಳ ಮೋಜೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪಲಾರೆ. ಪೆಸಿಫಿಕ್ ಬದಿಯ ಪ್ಲಾಯಾ ಗ್ರಾಂದೆಯಲ್ಲಿ 1988-89ರ ಋತುವಿನಲ್ಲಿ ಮೊಟ್ಟೆಯಿಡಲು ಬಂದ ಲೆದರ್‌ಬ್ಯಾಕ್ ಆಮೆಗಳು 1,367. ಹತ್ತು ವರ್ಷದ ಬಳಿಕ ಬಂದದ್ದು 117. ಇಂಥ ಅಂಕಿಗಳು ಆಕಾಶದಿಂದ ಉದುರುವುದಿಲ್ಲ. ಪ್ರತಿ ರಾತ್ರಿ ಯಾರೋ ನಡೆದು, ಪ್ರತಿ ಆಮೆಯನ್ನೂ ಗುರುತಿಸಿ ಬರೆದರೆ ಮಾತ್ರ ಸಿಗುತ್ತವೆ. 1990ರ ದಶಕದಲ್ಲಿ ಆ ದಂಡೆಯಲ್ಲಿ ವಿಜ್ಞಾನಿಗಳೊಂದಿಗೆ ಅರ್ಥ್‌ವಾಚ್‌ನ ಸ್ವಯಂಸೇವಕರೂ ನಡೆದಿದ್ದರು. ಸರ್ವನಾಶವೊಂದು ಕಣ್ಣೆದುರಿಗೇ ನಡೆಯುತ್ತಿದೆ ಎಂದು ಜಗತ್ತಿಗೆ ತಿಳಿಯುವುದರಲ್ಲಿ ಅವರ ಕಾಲುಗಳ ಪಾಲೂ ಇದೆ. ತೋರ್ತುಗೆರೊದಲ್ಲಿ 1975ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1971ರಿಂದ 2003ರವರೆಗೆ ಅಲ್ಲಿ ಗೂಡುಗಳ ಸಂಖ್ಯೆ ಹಲವು ಪಟ್ಟು ಏರಿತು; ಈಚಿನ ವರ್ಷಗಳಲ್ಲಿ ಮತ್ತೆ ಇಳಿಯುತ್ತಿರುವುದೂ ಅದೇ ಎಣಿಕೆಯಿಂದಲೇ ತಿಳಿದದ್ದು.

ನನ್ನ ತಕರಾರು ಬೇರೆ. ನಾನು ಕಲಿತ ಉರ್ದು ಶಾಲೆಯಲ್ಲಿ ‘ಮುಸಾಫಿರ್’ ಮತ್ತು ‘ಮುಖೀಮ್’ ಎಂಬ ಪದಗಳನ್ನು ಜೋಡಿಯಾಗಿ ಹೇಳಿಕೊಡುತ್ತಿದ್ದರು. ಒಬ್ಬ ಪ್ರಯಾಣಿಕ, ಇನ್ನೊಬ್ಬ ನೆಲೆನಿಂತವ. ಪ್ರಯಾಣಿಕನಿಗೆ ನಮಾಜಿನಲ್ಲೂ ರಿಯಾಯಿತಿ ಉಂಟು, ನೆಲೆನಿಂತವನಿಗೆ ಇಲ್ಲ. ಹೊರದೇಶಕ್ಕೆ ಹೋಗಿ ವನ್ಯಜೀವಿ ಕಾಯ್ದವರ ಚರಿತ್ರೆಯನ್ನು ನಾವು ಓದುತ್ತಿರುವುದು ಬರೀ ಮುಸಾಫಿರರ ಬಾಯಿಂದ. ದಂಡೆಯ ಮುಖೀಮ ಅದರಲ್ಲಿ ಒಂದೋ ಮೊಟ್ಟೆಗಳ್ಳ, ಇಲ್ಲವೇ ಅನ್ನ ಬೇಯಿಸಿ ಹಾಕುವ ನಗುಮೊಗದ ತಾಯಿ.

ಒಸ್ತಿಯೊನಾಲ್ ಎಂಬ ಹಳ್ಳಿಯನ್ನೇ ನೋಡಿ. ಪೆಸಿಫಿಕ್ ದಂಡೆಯ ಈ ಊರಿಗೆ ಆಲಿವ್ ರಿಡ್ಲೆ ಆಮೆಗಳು ಒಂದೇ ಸಲಕ್ಕೆ ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಮೊದಲು ಬಂದವುಗಳ ಮೊಟ್ಟೆಗಳನ್ನು ನಂತರ ಬಂದ ಆಮೆಗಳೇ ತೋಡಿ ಹಾಳುಮಾಡುತ್ತವೆ. ಹೇಗೂ ಹಾಳಾಗುವ ಆ ಮೊದಲ ಮೊಟ್ಟೆಗಳನ್ನು ತೆಗೆದು ಮಾರಲು ಊರಿನವರಿಗೆ 1987ರಿಂದ ಕಾನೂನಿನ ಅನುಮತಿಯಿದೆ. ಅದಕ್ಕೆ ಪ್ರತಿಯಾಗಿ ಅವರು ದಂಡೆ ಕಾಯುತ್ತಾರೆ, ಕಸ ತೆಗೆಯುತ್ತಾರೆ, ಮರಿಗಳನ್ನು ಹದ್ದುಗಳಿಂದ ಉಳಿಸುತ್ತಾರೆ. ಮೊಟ್ಟೆ ತುಂಬಿದ ಗೋಣಿಚೀಲ ಹೊತ್ತು ಸಾಗುವ ಹೆಂಗಸರನ್ನು ಮೊದಲ ಸಲ ಕಂಡ ಹೊರಗಿನವರು ಬೆಚ್ಚಿಬೀಳುತ್ತಾರೆ. ಆ ಹೆಂಗಸರು ಕಳ್ಳರಲ್ಲ, ಒಪ್ಪಂದದ ಪಾಲುದಾರರು. ನಮ್ಮ ಕುಂದಾಪುರದ ಕಡಲಿಗೂ ಯುರೋಪಿನ ಯುವಕ ಯುವತಿಯರು ಆಮೆ ಕಾಯಲು ಬಂದದ್ದುಂಟು. ಗೂಡು ಎಲ್ಲಿದೆ ಎಂದು ಅಲ್ಲಿಯೂ ಹೇಳಬೇಕಾದವರು ಮೀನುಗಾರರೇ.

ಮುಖೀಮನಾಗಿರುವುದಕ್ಕೆ ತೆರಬೇಕಾದ ಬೆಲೆ ಎಂಥದೆಂದು ತಿಳಿದದ್ದು 2013ರಲ್ಲಿ. ಲಿಮೋನ್ ಪಟ್ಟಣದ ಹತ್ತಿರದ ಮೊಯೀನ್ ದಂಡೆ ಲೆದರ್‌ಬ್ಯಾಕ್ ಆಮೆಗಳು ಬರುವ ಜಾಗ. ಮಾದಕವಸ್ತು ಸಾಗಿಸುವವರ ದಾರಿಯೂ ಅದೇ. ಆಮೆಯ ಮೊಟ್ಟೆ ಗಂಡಸುತನ ಹೆಚ್ಚಿಸುತ್ತದೆಂಬ ಮೂಢನಂಬಿಕೆಯಿಂದ ಬಾರುಗಳಲ್ಲಿ ಅದಕ್ಕೆ ಗಿರಾಕಿಯಿದೆ. ಅಲ್ಲಿ ರಾತ್ರಿ ಗಸ್ತು ನಡೆಸುತ್ತಿದ್ದವನು ಹೈರೊ ಮೋರಾ ಸಾಂಡೊವಲ್, ಇಪ್ಪತ್ತಾರರ ಯುವಕ. ಪನಾಮಾ ಗಡಿಯ ಗಂಡೋಕಾದಲ್ಲಿ ಬೆಳೆದವನು, ಬಾಲ್ಯದಿಂದಲೂ ಆಮೆಗಳೊಂದಿಗಿದ್ದವನು. ದಂಡೆಗೆ ಪೊಲೀಸರು ಬರಲಿ, ಬಂದೂಕು ಹಿಡಿದೇ ಬರಲಿ ಎಂದು ಸಾಯುವ ಕೆಲವೇ ವಾರಗಳ ಮೊದಲು ಬಹಿರಂಗವಾಗಿ ಕೇಳಿಕೊಂಡಿದ್ದ.

ಮೇ 30ರ ರಾತ್ರಿ ಆತನ ಜೊತೆ ವಾಹನದಲ್ಲಿ ನಾಲ್ವರು ಹೊರದೇಶದ ಯುವತಿಯರಿದ್ದರು. ಮೂವರು ಅಮೆರಿಕದವರು, ಒಬ್ಬಳು ಸ್ಪೇನಿನವಳು. ದಾರಿಗೆ ಅಡ್ಡವಾಗಿ ಮರದ ದಿಮ್ಮಿ ಬಿದ್ದಿತ್ತು. ಮುಸುಕು ಹಾಕಿದವರು ಮುತ್ತಿದರು. ಯುವತಿಯರನ್ನು ಒಂದು ಪಾಳು ಮನೆಯಲ್ಲಿ ಕಟ್ಟಿಹಾಕಿದರು. ಅವರು ಹೇಗೋ ಬಿಡಿಸಿಕೊಂಡು ಪಾರಾದರು. ಹೈರೊನ ಶವ ಮರುದಿನ ಬೆಳಿಗ್ಗೆ ಅದೇ ಮರಳಿನ ಮೇಲೆ ಸಿಕ್ಕಿತು.

2015ರ ಜನವರಿಯಲ್ಲಿ ಲಿಮೋನ್‌ನ ನ್ಯಾಯಾಲಯ ಏಳು ಆರೋಪಿಗಳನ್ನೂ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಸಾಕ್ಷ್ಯಗಳನ್ನು ತನಿಖೆಯವರು ನಿರ್ವಹಿಸಿದ ರೀತಿ ಅಷ್ಟು ಅಧ್ವಾನವಾಗಿತ್ತು. ದೇಶದೊಳಗೂ ಹೊರಗೂ ಸಿಟ್ಟೆದ್ದಿತು. ಮರುವಿಚಾರಣೆ ನಡೆದು 2016ರ ಮಾರ್ಚಿನಲ್ಲಿ ನಾಲ್ವರಿಗೆ ಶಿಕ್ಷೆಯಾಯಿತು. ಕೊಲೆಯಾದವನ ಜೊತೆ ವಿದೇಶಿಯರಿಲ್ಲದೆ ಹೋಗಿದ್ದರೆ ಈ ಮೊಕದ್ದಮೆ ಇಷ್ಟು ದೂರ ಬರುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಹಾಗೆ ನೋಡಿದರೆ ಮುಸಾಫಿರರ ಇರವು ಅಲ್ಲಿ ಒಂದು ಕಾವಲೂ ಹೌದು.

ಆತ ಹುಟ್ಟಿ ಬೆಳೆದ ಕಡೆಯ ಗಂಡೋಕಾ-ಮನ್ಸನಿಯೊ ವನ್ಯಧಾಮದ ಹೆಸರಿನಲ್ಲಿ ಈಗ ಹೈರೊ ಮೋರಾ ಸಾಂಡೊವಲ್ ಎಂಬ ಹೆಸರೂ ಸೇರಿದೆ. ಆ ದಂಡೆಗೂ ಲೆದರ್‌ಬ್ಯಾಕ್ ಆಮೆಗಳು ಬರುತ್ತವೆ.